ಒಂದು ಗೇಣು ಖಾಲಿ

26 ಫೆಬ್ರವರಿ 2023, ಭಾನುವಾರ

ಬೈಯಲು ಬಾಯಿ ಬೇಕು. ನನಗಿರುವುದು ತೂತು. ತುಟಿ ಸೇರಿಸಿ ಆಡುವ ಮಾತು ಒಂದೂ ಹೊರಡುವುದಿಲ್ಲ, ಜೊಲ್ಲು ಮಾತ್ರ ಧಾರಾಳವಾಗಿ ಹೊರಡುತ್ತದೆ. ಅದಕ್ಕೇ ಪಕ್ಕದ ಮನೆಯ ಕೇರಾ ಅಜ್ಜಿಯ ಕೈಲಿ ಈ ನೋಟ್‌ಬುಕ್ ತರಿಸಿದೆ. ಇನ್ನು ಬೈಯುವುದೆಲ್ಲ ಇಲ್ಲೇ.

ಬೆಳಿಗ್ಗೆ ಅವನು ಬಂದಿದ್ದ. ನನ್ನ ತಮ್ಮ ಗೆಂಚೋ. ಈ ಹೆಸರು ಇದೊಂದು ಸಲ ಬರೆದಿದ್ದೇನೆ, ಇನ್ನು ಬರೆಯುವುದಿಲ್ಲ. ಉಣ್ಣೆಯ ಗವಸು ಹಾಕಿಕೊಂಡು, ಎರಡೂ ಕೈಯಲ್ಲಿ ಹಲ್ವಾದ ಪೊಟ್ಟಣ ಹಿಡಿದು ಗೇಟಿನ ಹೊರಗೆ ನಿಂತಿದ್ದ. ದೊಡ್ಡ ಉಪವಾಸಕ್ಕೆ ಮುಂಚಿನ ಭಾನುವಾರವಲ್ಲವೇ ಇವತ್ತು. ಕಿರಿಯರು ಬಂದು ಹಿರಿಯರ ಕೈಗೆ ಮುತ್ತಿಟ್ಟು "ಕ್ಷಮಿಸು" ಎನ್ನುತ್ತಾರೆ, ಹಿರಿಯರು "ದೇವರು ಕ್ಷಮಿಸಲಿ" ಎನ್ನುತ್ತಾರೆ, ಅಲ್ಲಿಗೆ ವರ್ಷದ ಲೆಕ್ಕ ಚುಕ್ತಾ. ಆಮೇಲೆ ತೊಲೆಯಿಂದ ದಾರದಲ್ಲಿ ಹಲ್ವಾ ತೂಗುಬಿಟ್ಟು, ಕೈ ಮುಟ್ಟಿಸದೆ ಬಾಯಲ್ಲೇ ಹಿಡಿಯುವ ಆಟ. ತುಟಿಯಿಲ್ಲದವಳ ಮನೆ ಬಾಗಿಲಿಗೆ ಹಲ್ವಾ ಹೊತ್ತು ತರುತ್ತಾನೆ ನೋಡಿ, ಎಂಥ ಸೂಕ್ಷ್ಮ.

ಕೇರಾ ಅಜ್ಜಿ ರಾಯಭಾರಕ್ಕೆ ಬಂದಳು. "ಮೂರು ವರ್ಷದಿಂದ ಬರ್ತಿದಾನೆ ಕಣೆ ಸ್ತಾನ್ಕಾ, ಗೇಟಾದ್ರೂ ತೆಗಿ. ಬೀದಿ ನಾಯಿಗೂ ಹಚಾ ಅಂತೀವಿ, ಅವನಿಗೆ ಅಷ್ಟೂ ಇಲ್ವಾ?" ಎಂದಳು. ನಾನು ಕಿಟಕಿಯ ಪರದೆ ಎಳೆದೆ. ಯಾವ ಮುಖ ಇಟ್ಟುಕೊಂಡು ಬಂದೆ ಎಂದು ಅವನನ್ನು ಕೇಳೋಣವೆಂದರೆ, ಮುಖ ಅವನಿಗಿದೆ. ಇಲ್ಲದಿರುವುದು ನನಗೆ.

ನಮ್ಮದು ಊರಿನ ಭಟ್ಟಿಮನೆ. ಅಪ್ಪನ ನಂತರ ನಾನೇ ನಡೆಸಿದೆ. ಶರತ್ಕಾಲ ಬಂದರೆ ಊರವರು ಹುದುಗಿದ ಪ್ಲಮ್ ಹಣ್ಣನ್ನು ಪೀಪಾಯಿಗಳಲ್ಲಿ ತಂದು, ಸರದಿಯಲ್ಲಿ ನಮ್ಮ ತಾಮ್ರದ ಹಂಡೆಗೆ ಹಾಕಿ, ರಾಕಿಯಾ ಸಾರಾಯಿ ಇಳಿಸಿಕೊಂಡು ಹೋಗುತ್ತಿದ್ದರು. ಈ ಕೆಲಸಕ್ಕೆ ಇರುವುದು ಒಂದೇ ಪಾಠ. ಹಂಡೆಯ ಕೊರಳಿಂದ ಕೆಳಗೆ ಒಂದು ಗೇಣು ಖಾಲಿ ಬಿಡಬೇಕು. ಕುದ್ದಾಗ ಹುದುಗು ಉಬ್ಬುತ್ತದೆ. ಗೇಣು ಜಾಗ ಇಲ್ಲದಿದ್ದರೆ ಸಿಪ್ಪೆ ಮೇಲೆದ್ದು ಕೊಳವೆಗೆ ಸಿಕ್ಕಿಕೊಳ್ಳುತ್ತದೆ, ಆವಿಗೆ ಹೋಗಲು ದಾರಿಯಿರುವುದಿಲ್ಲ. ಅಪ್ಪ ಪ್ರತಿ ಸಲ ಒಳಗೆ ಕೈ ಚಾಚಿ ಗೇಣು ಹಾಕಿ ನೋಡುತ್ತಿದ್ದರು.

ಅವನು ಕಂಠಪೂರ್ತಿ ತುಂಬಿದ. 2020ರ ಅಕ್ಟೋಬರ್ 12, ಮಧ್ಯಾಹ್ನ. ಮುಚ್ಚಳ ಹಾರಿ ನನ್ನ ಮುಖಕ್ಕೆ ಬಂತು, ಅದರ ಹಿಂದೆಯೇ ಕುದಿಯುವ ಹುದುಗು ಬಂತು. ಅವನು ಹೊರಗೆ ಸೌದೆಯ ಹತ್ತಿರ ಇದ್ದ. ಅವನ ಮುಖದ ಮೇಲೆ ಇವತ್ತಿಗೂ ಒಂದು ಗೀರಿಲ್ಲ.

9 ಮೇ 2023

ರಾಜಧಾನಿ ಸೋಫಿಯಾದ ಆಸ್ಪತ್ರೆ. ಹತ್ತೊಂಬತ್ತು ಆಪರೇಷನ್ ಆಗಿವೆ. ತೊಡೆಯ ಚರ್ಮ ಕೆನ್ನೆಗೆ ಬಂತು, ಬೆನ್ನಿನದು ಗದ್ದಕ್ಕೆ ಬಂತು, ಪಕ್ಕೆಲುಬಿನ ತುಂಡು ಮೂಗು ಅನ್ನಿಸಿಕೊಂಡಿತು. ಮುಂಗೈಯ ಚರ್ಮವನ್ನು ಸುರುಳಿ ಸುತ್ತಿ ತುಟಿ ಎಂದು ಹೊಲಿದರು. ನಾನೊಂದು ಕೌದಿ. ಕೌದಿಯಾದರೂ ಬೆಚ್ಚಗಿರುತ್ತದೆ. ಈ ತುಟಿ ಮುಚ್ಚುವುದಿಲ್ಲ, ಬಿಸಿ ತಣ್ಣಗೆ ತಿಳಿಯುವುದಿಲ್ಲ, ಕುಡಿದ ಸೂಪು ಕತ್ತಿನ ಮೇಲೆ ಇಳಿಯುತ್ತದೆ.

ಡಾಕ್ಟರ್ ತಬಾಕೋವಾ ನೇರ ಮಾತಿನ ಹೆಂಗಸು, ಅದೊಂದು ನನಗೆ ಹಿಡಿಸುತ್ತದೆ. ಇಪ್ಪತ್ತನೆಯದು ಬೇಡ ಎಂದರು. "ನಿಮ್ಮ ಮೈಯಿಂದ ತೆಗೆಯೋದೆಲ್ಲಾ ತೆಗೆದಾಯ್ತು ಸ್ತಾನ್ಕಾ. ತೊಡೆ ಚರ್ಮ ಎಷ್ಟು ಹೊಲಿದ್ರೂ ತುಟಿ ಆಗಲ್ಲ. ತುಟಿಗೆ ಅದರದೇ ಸ್ನಾಯು ಬೇಕು, ನರ ಬೇಕು. ಇನ್ನು ಉಳಿದಿರೋದು ಒಂದೇ, ಇನ್ನೊಬ್ಬರ ಮುಖ."

ಸತ್ತವಳ ಮುಖ ಹಾಕಿಕೊಂಡು ಸಂತೆಗೆ ಹೋಗಲಾ ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರಿಗೆ ಸಿಟ್ಟು ಬರಲಿಲ್ಲ. ನನ್ನ ಮೂಳೆಯ ಮೇಲೆ ಕೂತ ಮೇಲೆ ಅದು ಅವಳ ಹಾಗೂ ಇರುವುದಿಲ್ಲ, ನನ್ನ ಹಾಗೂ ಇರುವುದಿಲ್ಲ ಎಂದರು. ಬದುಕಿರುವವರೆಗೆ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಮಾತ್ರೆ. ಮಾತ್ರೆ ತಪ್ಪಿದರೆ ಮೈ ಆ ಮುಖವನ್ನು ಶತ್ರು ಎಂದು ತಿಳಿದು ಹೊಡೆದು ಹಾಕುತ್ತದೆ. ತಪ್ಪದಿದ್ದರೂ ಮೂತ್ರಪಿಂಡ ಹೋಗಬಹುದು, ಕ್ಯಾನ್ಸರ್ ಬರಬಹುದು, ಸಣ್ಣ ನೆಗಡಿಯೇ ನುಂಗಬಹುದು. ಇದಿಲ್ಲದಿದ್ದರೂ ನಾನು ಸಾಯುವುದಿಲ್ಲ ಎಂಬುದನ್ನೂ ಹೇಳಿದರು. ಸಾಯದೇ ಇರುವವಳಿಗೆ ಸಾಯುವ ದಾರಿ ತೋರಿಸಿ ಯೋಚನೆ ಮಾಡು ಎನ್ನುತ್ತಾರೆ.

11 ಮೇ

ಬ್ರೆಡ್ಡನ್ನು ಕಚ್ಚಿ ತಿನ್ನಬೇಕು. ಅಂಗಡಿಯಲ್ಲಿ ನಿಂತು ಜಗಳ ಆಡಬೇಕು. ಮುಖ ಬೇಕು ಎಂದು ಡಾಕ್ಟರಿಗೆ ಬರೆದು ಕಳಿಸಿದೆ.

20 ಜೂನ್

ಆಸ್ಪತ್ರೆಯ ಸಮಿತಿ. ಮೇಜಿನ ಆಚೆ ಐದು ಜನ. ಒಬ್ಬ ನನ್ನ ಮನಸ್ಸು ನೋಡುವವನು. ಸಿಟ್ಟು ಬರುತ್ತದೆಯೇ ಎಂದು ಕೇಳಿದ. ಸಂಬಳ ಕೊಟ್ಟು ಇಂಥ ಪ್ರಶ್ನೆ ಕೇಳಿಸುತ್ತಾರೆ.

ಮನೆಯಲ್ಲಿ ಯಾರಿದ್ದಾರೆ ಎಂದರು. ಒಂದು ಆಡು, ಹನ್ನೊಂದು ಕೋಳಿ ಎಂದು ಬರೆದೆ. ಯಾರೂ ನಗಲಿಲ್ಲ. ನನ್ನ ಗಂಡ ಪೆಂಕೋ ಹೋಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಆಪರೇಷನ್ ಆದ ಮೇಲೆ ಕನಿಷ್ಠ ಒಂದು ವರ್ಷ ಜೊತೆಗಿದ್ದು ಮಾತ್ರೆ ಕೊಡುವ, ಬಾಯಿ ತೊಳೆಯುವ, ಮುಖ ಕೆಂಪಾದರೆ ಅದೇ ದಿನ ಸೋಫಿಯಾಕ್ಕೆ ಕರೆತರುವ ಮನುಷ್ಯ ಒಬ್ಬ ಬೇಕು. ಆ ಮನುಷ್ಯನ ಸಹಿ ಇಲ್ಲದೆ ಮುಖಕ್ಕೆ ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ರಕ್ತಸಂಬಂಧಿಯಾದರೆ ಒಳ್ಳೆಯದಂತೆ.

ರಕ್ತ. ಸುಟ್ಟು ಹಾಕುವವರೂ ಅವರೇ, ಸಹಿ ಹಾಕುವವರೂ ಅವರೇ.

2 ಜುಲೈ

ಕೇರಾ ಅಜ್ಜಿಯ ಕೈಲಿ ಅವನಿಗೆ ಕಾಗದ ಕಳಿಸಿದೆ. ಮೇಲೆ "ಸಹಿ ಹಾಕು" ಎಂದಷ್ಟೇ ಬರೆದಿದ್ದೆ. ಹತ್ತು ನಿಮಿಷಕ್ಕೆ ತಿರುಗಿ ಬಂತು, ಸಹಿ ಕೋಳಿ ಕೆದರಿದ ಹಾಗೆ. ಇಸ್ಕೂಲಿನಲ್ಲಿ ಅವನದು ಮುತ್ತಿನಂಥ ಅಕ್ಷರ ಎಂದು ಹೊಗಳುತ್ತಿದ್ದರು, ಈಗ ಸಹಿ ಹಾಕುವಷ್ಟೂ ಶ್ರದ್ಧೆಯಿಲ್ಲ. ಏನಾದರೂ ಕೇಳಿದನಾ ಎಂದು ಅಜ್ಜಿಗೆ ಸನ್ನೆ ಮಾಡಿದೆ. "ಯಾವತ್ತು ಬರ್ಬೇಕು ಅಂತ ಕೇಳ್ದ. ಅಷ್ಟೇ" ಎಂದಳು.

ಬರಲಿ. ತಾನು ಮಾಡಿದ್ದನ್ನು ದಿನಾ ಬೆಳಿಗ್ಗೆ ಎದ್ದು ನೋಡಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

12 ಅಕ್ಟೋಬರ್ 2023

ಇವತ್ತಿಗೆ ಮೂರು ವರ್ಷ. ಊರವರ ಗಾಡಿಗಳು ಪೀಪಾಯಿ ಹೇರಿಕೊಂಡು ಪಕ್ಕದೂರಿನ ಭಟ್ಟಿಗೆ ಹೋಗುತ್ತಿವೆ. ನಮ್ಮ ಗೇಟಿನ ಮುಂದೆ ಬಂದಾಗ ಮಾತು ನಿಲ್ಲಿಸುತ್ತಾರೆ, ದಾಟಿದ ಮೇಲೆ ಮತ್ತೆ ಶುರು.

ಭಟ್ಟಿಮನೆಯ ಬೀಗ ತೆಗೆದು ಒಳಗೆ ಹೋಗಿ ನಿಂತೆ. ಆವತ್ತು ಕಡೆಯ ಸರದಿ ನಮ್ಮದೇ ಹಣ್ಣಿನದು. ಹಂಡೆ ಎಷ್ಟು ಹಿಡಿಯಬೇಕೋ ಅಷ್ಟು ಹಿಡಿದು, ಪೀಪಾಯಿಯ ತಳದಲ್ಲಿ ಅರ್ಧ ಬಕೆಟ್ ಹುದುಗು ಉಳಿಯಿತು. ಅರ್ಧ ಬಕೆಟ್ಟಿಗೆ ಮತ್ತೊಂದು ಸಲ ಬೆಂಕಿ ಹಾಕುವವರುಂಟೇ? ಹಾಗೆಂದು ಹಣ್ಣು ಚೆಲ್ಲಿದರೆ ಪಾಪ, ನಮ್ಮ ಕಡೆ ಯಾರೂ ಚೆಲ್ಲುವುದಿಲ್ಲ. ಯಾರಾಗಿದ್ದರೂ ಸುರಿ ಎಂದೇ ಹೇಳುತ್ತಿದ್ದರು. ಆದರೂ ಬಕೆಟ್ ಇದ್ದದ್ದು ಅವನ ಕೈಯಲ್ಲಿ. ಗೇಣಿನ ಲೆಕ್ಕ ಅವನಿಗೂ ಗೊತ್ತಿತ್ತು, ಅಪ್ಪ ಇಬ್ಬರಿಗೂ ಹೇಳಿಕೊಟ್ಟಿದ್ದರು.

19 ಜನವರಿ 2024

ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಮುಖ ಸಿಕ್ಕಿದೆಯಂತೆ. ಅವನು ಕಾರು ತಂದಿದ್ದಾನೆ. ಹಿಂದಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ. ಯಾರೋ ಒಬ್ಬಳು ನಿನ್ನೆ ಬೆಳಿಗ್ಗೆ ತಲೆ ಬಾಚಿಕೊಂಡಿರುತ್ತಾಳೆ.

10 ಫೆಬ್ರವರಿ

ಹದಿನೆಂಟು ಗಂಟೆ ಕೊಯ್ದರಂತೆ. ಕನ್ನಡಿ ಕೊಡುವುದಿಲ್ಲ. ಮುಖ ಮುಖದ ಹಾಗಿಲ್ಲ, ಯಾರೋ ಒದ್ದೆ ಚೀಲ ತಂದು ತಲೆಗೆ ಕಟ್ಟಿ ಹೋದ ಹಾಗಿದೆ. ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತದೆ, ಕೆನ್ನೆಗೆ ಗೊತ್ತಾಗುವುದಿಲ್ಲ.

ಅವನು ದಿನವಿಡೀ ಇಲ್ಲೇ. ಮನೆಯ ಹಳೆಯ ಅಲಾರಾಂ ಗಡಿಯಾರ ತಂದು ಕಿಟಕಿಯ ಮೇಲಿಟ್ಟಿದ್ದಾನೆ, ಎಂಟಕ್ಕೆ ಕಿರ್ರೆನ್ನುತ್ತದೆ. ನರ್ಸುಗಳು ನಗುತ್ತಾರೆ. ಆಸ್ಪತ್ರೆಯ ಬಿಳಿ ರಬ್ಬರ್ ಗವಸು ತೆಗೆಯುವುದೇ ಇಲ್ಲ, ರೋಗ ಅಂಟೀತು ಎಂಬ ಭಯವೋ ಏನೋ. ಲೋಟ ಹಿಡಿಯಲು ಎರಡು ಕೈ ಬೇಕು, ಮೂರು ವರ್ಷದ ಕೂಸಿನ ಹಾಗೆ. ನಿನ್ನೆ ಮಾತ್ರೆಯ ಡಬ್ಬಿ ತೆಗೆಯಲು ಹೋಗಿ ಅಷ್ಟನ್ನೂ ನೆಲಕ್ಕೆ ಚೆಲ್ಲಿದ. ಹೆಡ್ಡ ಎಂದು ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ಹಿಡಿದೆ. ಬಗ್ಗಿ ಒಂದೊಂದೇ ಆಯ್ದುಕೊಂಡ.

28 ಫೆಬ್ರವರಿ

ಬೆಳಿಗ್ಗೆ ಒಂದು ಬಟ್ಟಲು ಬೇಯಿಸಿದ ಗೋಧಿ ತಂದು ಮೇಜಿನ ಮೇಲಿಟ್ಟ. ಮೇಲೆ ಸಕ್ಕರೆ, ಸಣ್ಣ ಮೇಣದಬತ್ತಿ, ಸತ್ತವರಿಗೆ ಇಡುವ ಹಾಗೆ. ಯಾರಿಗೆ ಎಂದು ಬರೆದೆ. "ನಲವತ್ತನೇ ದಿನ ಅಲ್ವಾ ಅಕ್ಕ ಅವ್ರಿಗೆ" ಎಂದ. ಕಿಟಕಿಯ ಕಡೆ ಮುಖ ಮಾಡಿ ಹೇಳಿದ.

ನನಗೆ ಮೈಯೆಲ್ಲ ಉರಿಯಿತು. ದಿನ ಎಣಿಸಬೇಕಾದವಳು ನಾನು. ಅವಳ ಮುಖ ಹೊತ್ತವಳು ನಾನು, ಗೋಧಿ ಬೇಯಿಸಲು ನೆನಪಾದದ್ದು ಇವನಿಗೆ.

ಮಧ್ಯಾಹ್ನ ಡಾಕ್ಟರ್ ತಬಾಕೋವಾ ಬಂದಾಗ ತಡೆದುಕೊಳ್ಳಲಾರದೆ ಬರೆದು ಕೇಳಿದೆ. ಶವಪೆಟ್ಟಿಗೆ ಮುಚ್ಚುವ ಮುಂಚೆ ಎಲ್ಲರೂ ಹಣೆಗೆ ಕೊನೆಯ ಮುತ್ತು ಕೊಡುತ್ತಾರಲ್ಲ, ಅವಳ ಮನೆಯವರು ಯಾವುದಕ್ಕೆ ಕೊಟ್ಟರು? ಡಾಕ್ಟರ್ ಕುರ್ಚಿ ಎಳೆದು ಕೂತರು. ಹೆಸರು ಹೇಳಲು ಕಾನೂನು ಬಿಡುವುದಿಲ್ಲ, ಊರೂ ಹೇಳುವುದಿಲ್ಲ ಎಂದರು. ಮುಖ ತೆಗೆಯುವ ಮುಂಚೆ ಅಚ್ಚು ತೆಗೆದು, ಅದೇ ಬಣ್ಣದ ಮುಖವಾಡ ಮಾಡಿ ಹಾಕಿ ಕಳಿಸುತ್ತಾರಂತೆ. ನೋಡಿದವರಿಗೆ ತಿಳಿಯುವುದಿಲ್ಲ. ಆಮೇಲೆ, "ತಾಯಿಗೆ ಗೊತ್ತಿತ್ತಲ್ಲ. ಅವರು ಮುಖಕ್ಕೆ ಕೊಡಲಿಲ್ಲ. ಕೈಗೆ ಕೊಟ್ಟರಂತೆ" ಎಂದರು.

ಮಾಡಿಸಿಕೊಳ್ಳಬಾರದಿತ್ತು. ಯಾರು ಕೊಡು ಎಂದರು ಆ ತಾಯಿಗೆ? ನಾನಂತೂ ಕೇಳಿರಲಿಲ್ಲ. ಕೇಳಿದ್ದೆ.

ಗೆಂಚೋ ಗೋಧಿಯನ್ನು ವಾರ್ಡಿನವರಿಗೆಲ್ಲ ಒಂದೊಂದು ಚಮಚ ಹಂಚಿ ಬಂದ.

17 ಮಾರ್ಚ್, ಭಾನುವಾರ

ಮತ್ತೆ ಕ್ಷಮೆಯ ಭಾನುವಾರ. ಬೆಳಿಗ್ಗೆಯಿಂದ ಕಾದೆ. ಪಕ್ಕದ ಮಂಚದವಳ ಸೊಸೆ ಬಂದು ಕೈಗೆ ಮುತ್ತಿಟ್ಟು ಹೋದಳು. ಗೆಂಚೋ ನನ್ನ ಬಾಯಿ ತೊಳೆದ, ಹಾಸು ಬದಲಾಯಿಸಿದ, ಗಡಿಯಾರಕ್ಕೆ ಕೀಲಿ ಕೊಟ್ಟ. ಕೇಳಲೇ ಇಲ್ಲ. ಮೂರು ವರ್ಷ ಗೇಟಿನ ಹೊರಗೆ ನಿಂತು ಕೇಳುತ್ತಿದ್ದವನಿಗೆ, ಮಂಚದ ಪಕ್ಕದಲ್ಲಿ ಕೂತಾಗ ಏನು ಕೊಬ್ಬು? ಕೇಳಿದ್ದರೆ ಇಲ್ಲ ಎನ್ನೋಣ ಎಂದುಕೊಂಡಿದ್ದೆ.

23 ಜೂನ್ 2024

ಊರಿಗೆ ಬಂದು ಮೂರು ವಾರ. ಗೆಂಚೋ ಅಂಗಳದ ಬೇಸಿಗೆ ಅಡುಗೆಮನೆಯಲ್ಲಿ ಚಾಪೆ ಹಾಕಿಕೊಂಡಿದ್ದಾನೆ. ಮನೆಯೊಳಗೆ ಮಲಗು ಎಂದು ನಾನು ಹೇಳಿಲ್ಲ, ಅವನು ಕೇಳಿಲ್ಲ.

ಕೇರಾ ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ನನ್ನನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಪರವಾಗಿಲ್ಲ ಕಣೆ. ಮೊದಲೂ ನಿನ್ ಮೂಗೇನು ನೆಟ್ಟಗಿರಲಿಲ್ಲ. ಈಗ ಹತ್ತು ವರ್ಷ ಚಿಕ್ಕೋಳಾಗಿದೀಯ, ನನಗೂ ಒಂದು ಹಾಕ್ಸು" ಎಂದಳು. ನಗು ಬಂತು. ನಕ್ಕದ್ದು ಎಡಗಡೆ ಮಾತ್ರ, ಬಲಗಡೆ ಇನ್ನೂ ಯೋಚಿಸುತ್ತಿದೆ.

ದಿನಾ ಬೆಳಿಗ್ಗೆ ಮೇಣದಬತ್ತಿ ಊದುವ ಪಾಠ. ಅವನು ಹಿಡಿದು ನಿಲ್ಲುತ್ತಾನೆ, ನಾನು ಊದುತ್ತೇನೆ, ಉರಿ ಅಲ್ಲಾಡುವುದೇ ಇಲ್ಲ. ಇವತ್ತು ಆರಿತು. ಆರಿದಾಗ ಮೇಣ ಮೇಜಿನ ಬಟ್ಟೆಯ ಮೇಲೆ ಬಿತ್ತು, ನೆಟ್ಟಗೆ ಹಿಡಿಯಲು ಬರುವುದಿಲ್ಲವೇ ಎಂದು ಗದರಿಸಿದೆ. ಅವನು ಕೇಳಿಸಿಕೊಳ್ಳದೆ ಹೊರಗೆ ಓಡಿ ಅಜ್ಜಿಗೆ ಹೇಳಿ ಬಂದ.

ಊಟವಾದ ಮೇಲೆ ಅಂಗಳದಲ್ಲಿ ಕೂತಿದ್ದೆ, ತುಟಿಯ ಮೇಲೆ ನೊಣ ಕೂತಿತು. ಓಡಿಸಲು ಕೈ ಎತ್ತಿದವಳು ಹಾಗೇ ತಡೆದೆ. ಕೂತದ್ದು ನನಗೆ ಗೊತ್ತಾಗಿತ್ತು. ಅದರ ಕಾಲು ಗೊತ್ತಾಗುತ್ತಿತ್ತು. ಎಷ್ಟು ಹೊತ್ತು ಬೇಕಾದರೂ ಕೂತಿರು ತಾಯಿ ಎಂದು ಬಿಟ್ಟೆ.

12 ಅಕ್ಟೋಬರ್ 2024

ಅವನನ್ನು ಓಡಿಸಿಬಿಟ್ಟೆ. ಒಳ್ಳೆಯದೇ ಆಯಿತು.

ಹಣ್ಣು ಕಾಲಲ್ಲಿ ತುಳಿಯುವಷ್ಟು ಬಿದ್ದಿದೆ, ಈ ಸಲ ಹಂಡೆ ತೊಳೆಯಲೇ ಎಂದು ಕೇಳಿದ. ಇವತ್ತೇ ಕೇಳಬೇಕೇ, ಇದೇ ತಾರೀಖಿನಂದು? ನನ್ನ ಹೊಸ ಬಾಯಿ ಇನ್ನೂ ತೊದಲುತ್ತದೆ, ಬೈಯುವುದಕ್ಕೆ ಮಾತ್ರ ಅಡ್ಡಿಯಿಲ್ಲ. ನಾಲ್ಕು ವರ್ಷದ್ದು ಒಟ್ಟಿಗೆ ಕೊಟ್ಟೆ. ಕಂಠದವರೆಗೆ ತುಂಬಿದವನು ನೀನು, ಹೊರಗೆ ಹೋಗಿ ಸೌದೆಯ ಮರೆಯಲ್ಲಿ ನಿಂತವನು ನೀನು, ಇನ್ನು ಯಾರ ಮುಖ ತೆಗೆಯಬೇಕೆಂದಿದ್ದೀಯ ಎಂದೆ.

ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. "ನಾಲ್ಕು ವರ್ಷ ಸುಮ್ನಿದ್ದೆ ಅಕ್ಕ. ಒಂದು ಗೇಣು ಬಿಡ್ಬೇಕಲ್ವಾ ಅಂತ ನಾನು ಕೇಳ್ದೆ. ಸುರಿ ಅಂದೋಳು ನೀನು."

ಗಡಿಯಾರ ತೆಗೆದು ಅವನ ಎದೆಗೆ ಎಸೆದೆ. ಹೊರಗೆ ಹೋಗು ಎಂದೆ, ಗೇಟಿಗೆ ಬೀಗ ಹಾಕಿದೆ. ಮಾತ್ರೆಯ ಡಬ್ಬಿ ಅವನು ಜೋಡಿಸಿಟ್ಟದ್ದು, ಅದನ್ನು ಒಲೆಯ ಹಿಂದಕ್ಕೆ ಬಿಸಾಕಿದೆ. ಅವನ ಕೈ ಮುಟ್ಟಿದ್ದು ನನಗೆ ಬೇಡ.

ಸುಳ್ಳು ಹೇಳುತ್ತಾನೆ.

13 ಅಕ್ಟೋಬರ್

ಬೆಳಿಗ್ಗೆ ಎಂಟಕ್ಕೆ ಗೇಟಿನ ಹೊರಗೆ ಗಡಿಯಾರ ಕಿರ್ರೆಂದಿತು. ಸಂಜೆ ಎಂಟಕ್ಕೆ ಮತ್ತೆ. ಮಾತಿಲ್ಲ ಕತೆಯಿಲ್ಲ, ಅಲಾರಾಂ ಹೊಡೆಸಿಕೊಂಡು ನಿಂತಿರುತ್ತಾನೆ. ನಾನು ರೇಡಿಯೋ ಜೋರು ಮಾಡಿದೆ.

15 ಅಕ್ಟೋಬರ್

ಸುಳ್ಳು ಎಂದು ಬರೆದದ್ದನ್ನು ಓದಿದೆ. ಗಡಿಯಾರ ಹೊಡೆಯಿತು.

17 ಅಕ್ಟೋಬರ್

ಕೆನ್ನೆ ಕೆಂಪು. ತುಟಿ ಊದಿ ಹೊಳೆಯುತ್ತಿದೆ. ಹುಬ್ಬಿನ ಮೇಲೆ ದದ್ದು. ಮುಖ ಒಳಗಿಂದ ಬಿಸಿ. ಒಲೆಯ ಹಿಂದಿನಿಂದ ಡಬ್ಬಿ ತೆಗೆದೆ, ಮುಚ್ಚಳ ತೆಗೆಯಲು ಹೋಗಿ ಅಷ್ಟನ್ನೂ ಚೆಲ್ಲಿದೆ. ಎಂಟು ಗಂಟೆಗೆ ಐದು ನಿಮಿಷ ಇತ್ತು. ನಾನೇ ಹೋಗಿ ಗೇಟಿನ ಬೀಗ ತೆಗೆದು ನಿಂತೆ.

ಗಡಿಯಾರ ಹಿಡಿದುಕೊಂಡು ಬಂದ. ನನ್ನ ಮುಖ ನೋಡಿದ. "ಕೋಟು ಹಾಕ್ಕೋ, ಕಾರು ತರ್ತೀನಿ" ಎಂದ.

29 ಅಕ್ಟೋಬರ್, ಆಸ್ಪತ್ರೆ

ಉಳಿಯಿತು. ಹನ್ನೆರಡು ದಿನ ರಕ್ತನಾಳಕ್ಕೆ ಔಷಧಿ ಸುರಿದರು. ಮೊದಲ ಐದು ದಿನ, ಮುಖ ಕಿತ್ತು ಮತ್ತೆ ತೊಡೆಯ ಚರ್ಮ ಹೊಲಿಯಬೇಕಾಗಬಹುದು ಎಂದೇ ಇದ್ದರು. ಡಾಕ್ಟರ್ ತಬಾಕೋವಾ ಹಿಂದೆಂದೂ ನನ್ನ ಮೇಲೆ ದನಿ ಎತ್ತಿದವರಲ್ಲ. "ಯಾರ ಮೇಲೆ ಸಿಟ್ಟು ಬಂದ್ರೂ ಬರಲಿ. ಆದ್ರೆ ಈ ಮುಖ ನಿಮ್ಮೊಬ್ಬರದಲ್ಲ, ಬಿಸಾಕೋದಕ್ಕೆ" ಎಂದರು.

ಆಮೇಲೆ ಅವರು ಗೆಂಚೋನ ಕಡೆ ತಿರುಗಿ, ಆ ಗವಸು ತೆಗೆಯಿರಿ, ಒಂಬತ್ತು ತಿಂಗಳಿಂದ ನೋಡುತ್ತಿದ್ದೇನೆ ಎಂದರು. ಅವನು ಬೇಡ ಎಂದ. ಅವರು ತಾವೇ ಎಳೆದರು.

ಕೈ ಅಲ್ಲ ಅದು. ಅಂಗೈಯೆಲ್ಲ ಮುದುಡಿ, ಬೆರಳುಗಳು ಒಳಕ್ಕೆ ಬಾಗಿ, ಚರ್ಮ ಹಳೆಯ ಚಪ್ಪಲಿಯ ಅಟ್ಟೆಯ ಹಾಗಿದೆ. ಎರಡೂ ಕೈ. ಯಾವಾಗಿನದು ಎಂದು ಡಾಕ್ಟರ್ ಕೇಳಿದರು. ಆವತ್ತಿನದೇ ಎಂದ. ಮುಚ್ಚಳ ನನ್ನ ಮುಖದ ಮೇಲೆ ಬಿದ್ದಿತ್ತಂತೆ, ಬಟ್ಟೆ ಹುಡುಕಲು ಹೊತ್ತಿರಲಿಲ್ಲವಂತೆ. ತಾಮ್ರ ಎಷ್ಟು ಬಿಸಿಯಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗಲೇ ತೋರಿಸಿದ್ದರೆ ಬೆರಳು ಬಿಡಿಸಬಹುದಿತ್ತು, ಈಗ ಕಷ್ಟ ಎಂದರು ಡಾಕ್ಟರ್.

ನನಗೆ ಯಾಕೆ ಯಾರೂ ಹೇಳಲಿಲ್ಲ? ಹೇಳಲು ನಾನು ಎಲ್ಲಿ ಬಿಟ್ಟೆ. ಅವನ ಹೆಸರೆತ್ತಿದವರಿಗೆಲ್ಲ ಗೇಟು ತೋರಿಸಿದೆ. ಅವನಿಗಾದರೂ ಬಾಯಿರಲಿಲ್ಲವೇ, ಅವನ ಬಾಯಿ ಚೆನ್ನಾಗಿಯೇ ಇತ್ತಲ್ಲ. ಎಷ್ಟು ಸಿಟ್ಟು ಬರುತ್ತಿದೆ ಎಂದರೆ ಪೆನ್ನು ಹಾಳೆ ಹರಿಯುತ್ತಿದೆ.

ಅರ್ಧ ಬಕೆಟ್ ಉಳಿದಿತ್ತು. ಅವನು ಬಕೆಟ್ ಹಿಡಿದು ನಿಂತು ಕೇಳಿದ. ನನಗೆ ಸೊಂಟ ನೋಯುತ್ತಿತ್ತು, ಬೇಗ ಮುಗಿಸಬೇಕಿತ್ತು. ಸುರಿ ಎಂದೆ. ಸುರಿದು ಮತ್ತೂ ಅನುಮಾನದಲ್ಲಿ ಹಂಡೆಯೊಳಗೆ ಬಗ್ಗಿ ನೋಡುತ್ತಿದ್ದ. ಅಲ್ಲೇನು ನಿಧಿ ಇದೆಯಾ, ಹೋಗಿ ಸೌದೆ ತಾ ಎಂದು ಅವನನ್ನು ಹೊರಗೆ ಕಳಿಸಿದವಳೂ ನಾನೇ. ಮುಚ್ಚಳ ಹಾಕಿ ಆವಿ ಸೋರದ ಹಾಗೆ ಸಂದಿಗೆ ಹಿಟ್ಟು ಮೆತ್ತಿದ್ದು ಈ ಕೈ.

ಬರೆದಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

2 ಮಾರ್ಚ್ 2025, ಭಾನುವಾರ

ಅವನು ಬರುವ ಮುಂಚೆ ನಾನೇ ಹೋದೆ. ಮನೆಗೆ ಹಿಂದಿರುಗಿ ಎರಡು ತಿಂಗಳಾಗಿದೆ, ಅವನೀಗ ತನ್ನ ಮನೆಯಲ್ಲೇ ಇದ್ದು ದಿನಕ್ಕೆರಡು ಸಲ ಗಡಿಯಾರ ಹೊತ್ತು ಬರುತ್ತಾನೆ. ಹಲ್ವಾ ಕೊಂಡುಕೊಂಡು, ಮುಖಕ್ಕೆ ಬಟ್ಟೆ ಕಟ್ಟದೆ, ಊರ ನಡುವೆಯೇ ನಡೆದೆ. ನೋಡಿದವರು ನೋಡಿದರು. ಒಬ್ಬ ಹುಡುಗಿ ಬಾಯಿ ಬಿಟ್ಟುಕೊಂಡು ನಿಂತಳು, ನೊಣ ಹೋದೀತು ಮುಚ್ಚು ಎಂದೆ.

ಬಾಗಿಲು ತೆಗೆದವನು ನನ್ನನ್ನು ನೋಡಿ, "ಏನಾಯ್ತಕ್ಕ, ಕೆಂಪಾಗಿದ್ಯಾ?" ಎಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ. ಕೆಂಪೂ ಇಲ್ಲ, ಕಪ್ಪೂ ಇಲ್ಲ, ಕೈ ಕೊಡು ಎಂದೆ. ಅರ್ಥವಾಗಲಿಲ್ಲ ಹೆಡ್ಡನಿಗೆ. ಅರ್ಥವಾದ ಮೇಲೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡ.

"ನೀನು ದೊಡ್ಡೋಳು. ನಾನು ಕೇಳ್ಬೇಕು. ಇದು ಉಲ್ಟಾ ಆಯ್ತು."

"ಉಲ್ಟಾ ಆಗಿ ಐದು ವರ್ಷ ಆಗ್ತಾ ಬಂತು. ಕೊಡೋ ಕೈ."

ಅಂಗೈಗೆ ಮುತ್ತಿಟ್ಟೆ. ತುಟಿಗೆ ಆ ಒರಟು ತಿಳಿಯಿತು, ಗಂಟುಗಂಟಾಗಿ, ಒಂದೊಂದು ಸುಕ್ಕೂ ತಿಳಿಯಿತು. ಈ ತುಟಿಯ ಮಗಳನ್ನು ಕಳಿಸುವಾಗ ಒಬ್ಬ ತಾಯಿ ಹೀಗೇ ಕೈ ಹಿಡಿದಿರುತ್ತಾಳೆ. "ಕ್ಷಮಿಸು" ಎಂದೆ. ನಡುವಿನ ‘ಮಿ’ ಅನ್ನುವಾಗ ತುಟಿ ಎರಡೂ ಸರಿಯಾಗಿ ಸೇರಿದವು, ಒಂದು ಹನಿ ಜೊಲ್ಲೂ ಬೀಳಲಿಲ್ಲ.

ದೇವರು ಕ್ಷಮಿಸಲಿ ಎಂದು ಅವನು ಹೇಳಬೇಕಿತ್ತು. ಬಾಯಿ ತೆಗೆದ, ಹೊರಡಲಿಲ್ಲ. ಅಷ್ಟು ಚೆನ್ನಾದ ಬಾಯಿ. ನಾಲ್ಕು ಸಲ ಪ್ರಯತ್ನ ಮಾಡಿ ಕೊನೆಗೆ ಚಹಾ ಇಡ್ಲಾ ಎಂದ. ಇಡು ಎಂದೆ, ನನಗೂ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

ತೊಲೆಗೆ ಹಲ್ವಾ ಕಟ್ಟಿದ್ದು ನಾನು, ದಾರದ ಗಂಟು ಅವನ ಕೈಗೆ ಬರುವುದಿಲ್ಲ. ಮೂರು ಸಲ ಮೂಗಿಗೆ ಬಡಿಯಿತು. ಕೇರಾ ಅಜ್ಜಿ ಎಲ್ಲಿಂದ ವಾಸನೆ ಹಿಡಿದು ಬಂದಳೋ, ಹೊಸ ಮೂಗು ಜೋಪಾನ ಎನ್ನುತ್ತ ಪಕ್ಕದಲ್ಲಿ ಕೂತಳು. ನಾಲ್ಕನೇ ಸಲ ಹಿಡಿದೆ. ತುಟಿಯಲ್ಲೇ ಹಿಡಿದೆ, ಹಲ್ಲು ಆಮೇಲೆ ಬಂತು.

ಬರುವಾಗ ಹೇಳಿ ಬಂದೆ, ಈ ಶರತ್ಕಾಲಕ್ಕೆ ಹಂಡೆ ತೊಳೆಯೋಣ ಎಂದು. ಸೌದೆ ಅವನು ತರಲಿ, ಬೆಂಕಿ ಅವನು ನೋಡಿಕೊಳ್ಳಲಿ, ಸರದಿಯ ಜಗಳ ನಾನು ನೋಡಿಕೊಳ್ಳುತ್ತೇನೆ. ಗೇಣು ಮಾತ್ರ ನಾನೇ ಹಾಕಿ ನೋಡಬೇಕು. ಅವನ ಕೈ ಈಗ ಅಷ್ಟು ಬಿಚ್ಚಿಕೊಳ್ಳುವುದಿಲ್ಲ.